ತಂಬಾಕು ಮುಟ್ಟದವರ ಅಂಗುಳದ ಗಂಟು

ಬಾಯಿ ಕ್ಯಾನ್ಸರ್ ಅಂದರೆ ನಮ್ಮ ಕಲಬುರಗಿ ಕಡೆ ಮೊದಲು ಬರುವ ಪ್ರಶ್ನೆ, "ಗುಟ್ಕಾ ತಿಂತಿದ್ರೇನ್ರಿ?" ಪ್ರಶ್ನೆ ಸರಿಯಾದದ್ದೇ. ಬಾಯಿಯ ಕ್ಯಾನ್ಸರ್‌ಗಳಲ್ಲಿ ಸುಮಾರು ನೂರಕ್ಕೆ 90 ಸ್ಕ್ವಾಮಸ್ ಸೆಲ್ ಜಾತಿಯವು, ಅಂದರೆ ಬಾಯಿಯ ಒಳಪದರದಲ್ಲೇ ಹುಟ್ಟುವವು. ನಮ್ಮಲ್ಲಿ ಅವುಗಳ ಹಿಂದೆ ಹೆಚ್ಚಾಗಿ ಇರುವುದು ತಂಬಾಕು, ಅಡಿಕೆ. ಆದರೆ "ಇಲ್ರಿ" ಅಂದ ಕೂಡಲೇ ತಪಾಸಣೆಯೇ ಮುಗಿದುಹೋಗುತ್ತದಲ್ಲ, ನನ್ನ ಸಂಕಟ ಅದರದ್ದು.

ನಮ್ಮ ಕಾಕು (ಚಿಕ್ಕಮ್ಮ) ಎಲೆ ಅಡಿಕೆ ಕೂಡ ಹಾಕಿದವರಲ್ಲ. ಅಂಗುಳದ ಹಿಂದೆ ಒಂದು ಬದಿಗೆ ಸಣ್ಣ ಗಂಟು. ನೋವಿಲ್ಲ, ರಕ್ತವಿಲ್ಲ. ಮನೆಯಲ್ಲಿ "ಖಡಕ್ ರೊಟ್ಟಿ ಚುಚ್ಚಿರಬೇಕು" ಅಂದರು. ಒಬ್ಬ ಡಾಕ್ಟರು "ಉಷ್ಣ ಆಗ್ಯಾದ" ಅಂತ ಬಿ ಕಾಂಪ್ಲೆಕ್ಸ್ ಕೊಟ್ಟರು, ಇನ್ನೊಬ್ಬರು ಹಲ್ಲಿನ ಕೀವು ಅಂತ ಆ್ಯಂಟಿಬಯಾಟಿಕ್ ಬರೆದರು. ತಿಂಗಳುಗಳು ಸರಿದವು. ಕೊನೆಗೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಗಂಟನ್ನು ಬೆರಳಿನಿಂದ ಒತ್ತಿ ನೋಡಿ, "ಈ ಕಡೆ ಜೋಮು ಹಿಡಿದಂಗ ಆಗ್ತದೇನವ್ವ?" ಅಂತ ಕೇಳಿದರು. ಹೌದು, ಆಗುತ್ತಿತ್ತು. ತುಂಡು ತೆಗೆದು ಕಳಿಸಿದರೆ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ, ಜೊಲ್ಲುಗ್ರಂಥಿಯ ಅಪರೂಪದ ಕ್ಯಾನ್ಸರ್.

ಬಾಯಿಯ ಒಳಪದರದ ಕೆಳಗೆ ನೂರಾರು ಪುಟ್ಟ ಜೊಲ್ಲುಗ್ರಂಥಿಗಳಿವೆ, ಅಂಗುಳದಲ್ಲಂತೂ ಹೆಚ್ಚು. ಈ ಕ್ಯಾನ್ಸರ್ ಅಲ್ಲಿ ಹುಟ್ಟಿ ನಿಧಾನ ಬೆಳೆಯುತ್ತದೆ, ನರದ ಗುಂಟ ಹರಿಯುತ್ತದೆ. ಜೋಮು ಅದಕ್ಕೇ. ಚಿಕಿತ್ಸೆಯಾಗಿ ಎಷ್ಟೋ ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಇದರ ನೆಂಟ, ಜೊಲ್ಲುಗ್ರಂಥಿಯದೇ ಇನ್ನೊಂದು ಕ್ಯಾನ್ಸರ್ ಮ್ಯೂಕೋಎಪಿಡರ್ಮಾಯ್ಡ್, ಒಮ್ಮೊಮ್ಮೆ ನೀಲಿ ನೀರುಗುಳ್ಳೆಯ ಹಾಗೆ ಕಂಡು ಯಾಮಾರಿಸುತ್ತದೆ. ಅಂಗುಳ ಅಥವಾ ಮೇಲಿನ ವಸಡಿನ ಮೇಲೆ ಹೊಸದಾಗಿ ಬಂದ, ಹರಡುತ್ತಿರುವ ಕಪ್ಪು ಕಲೆ ಮೆಲನೋಮಾ, ಅಂದರೆ ಬಣ್ಣದ ಕೋಶಗಳ ಕ್ಯಾನ್ಸರ್, ಇರಬಹುದು. ಇವು ಯಾವುದಕ್ಕೂ ತಂಬಾಕೇ ಬೇಕೆಂದಿಲ್ಲ.

ಕಣ್ಣಿನಿಂದ ನೋಡಿ ಇವನ್ನು ಹೇಳಲಾಗದು, ತುಂಡು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಆಗಬೇಕು. "ಕತ್ತರಿ ತಾಗಿದ್ರ ಹರಡ್ತದ" ಎಂಬ ಮಾತು ಎಷ್ಟು ಜನರನ್ನು ಮನೆಯಲ್ಲೇ ಕೂರಿಸಿದೆಯೋ! ಬಾಯೊಳಗಿನ ಸಣ್ಣ ತುಂಡು ತೆಗೆಯಲು ಆ ಜಾಗಕ್ಕಷ್ಟೇ ಇಂಜೆಕ್ಷನ್ ಕೊಟ್ಟರೆ ಸಾಕು, ಕೆಲವೇ ನಿಮಿಷದ ಕೆಲಸ. ತುಂಡು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲೇ ಲ್ಯಾಬ್‌ಗೆ ಹೋಗಬೇಕು, ನೀರಿನಲ್ಲಿಟ್ಟರೆ ಕೆಡುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಜೊಲ್ಲುಗ್ರಂಥಿಯ ಗೆಡ್ಡೆಗಳು ಸಣ್ಣ ತುಂಡಿನಲ್ಲಿ ಒಂದರಂತೆ ಒಂದು ಕಾಣುತ್ತವೆ, ತುಂಡನ್ನು ಪರೀಕ್ಷಿಸುವ ಪೆಥಾಲಜಿಸ್ಟರಿಗೂ ಗೊಂದಲವಾಗುತ್ತದೆ. ವಿಶೇಷ ಬಣ್ಣದ ಪರೀಕ್ಷೆ, ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಬೇಕಾಗಬಹುದು. ಅಪರೂಪದ ಹೆಸರು ಬಂದರೆ ಲ್ಯಾಬ್‌ನಿಂದ ಸ್ಲೈಡು ಮತ್ತು ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಎರಡನ್ನೂ ಕೇಳಿ ಪಡೆದು, ಇನ್ನೊಬ್ಬ ಪರಿಣತರಿಗೆ ತೋರಿಸಿ. ಕಾಕುಗೆ ಎರಡನೇ ಸಲ ತುಂಡು ತೆಗೆಯುವ ನೋವು ತಪ್ಪಿದ್ದು ಆ ಬ್ಲಾಕ್‌ನಿಂದ.

ಮೊದಲ ತುಂಡಿಗಾಗಿ ಸೊಲ್ಲಾಪುರ, ಹೈದರಾಬಾದಿಗೆ ಓಡಬೇಕಿಲ್ಲ. ಕಲಬುರಗಿಯಲ್ಲೇ ದಂತ ಕಾಲೇಜುಗಳಿವೆ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರವಿದೆ. ಆದರೆ ಚಿಂಚೋಳಿ, ಅಫಜಲಪುರ, ಸುರಪುರದ ಕೂಲಿಯವರು ಒಂದು ದಿನದ ಪಗಾರ ಬಿಟ್ಟು ಅಲ್ಲಿಗೂ ಬರಲಾರರು. ಎರಡು ವಾರ ದಾಟಿದ ಹುಣ್ಣು, ಗಂಟು ಯಾವುದೇ ಇರಲಿ, ತಾಲ್ಲೂಕು ಆಸ್ಪತ್ರೆಯ ದಂತವೈದ್ಯರೇ ತುಂಡು ತೆಗೆದು ವಾರಕ್ಕೊಮ್ಮೆ ಜಿಲ್ಲೆಗೆ ಕಳಿಸುವ ಏರ್ಪಾಡು ಆಗಲಿ. ನಮ್ಮ ಶಾಸಕರನ್ನು ಕೇಳಲು ರಸ್ತೆ, ಚರಂಡಿಯ ಜೊತೆ ಇದನ್ನೂ ಪಟ್ಟಿಗೆ ಸೇರಿಸಿಕೊಳ್ಳಿ.