ಹವಳ ಹಿಡಿದು ಫೋಟೋ ತೆಗೆಸಿಕೊಳ್ಳುವ ನಮ್ಮ ಊರಿನವರಿಗೆ

ಕಾಫಿ ಕೊಯ್ಲು ಮುಗಿದ ಮೇಲೆ ನಮ್ಮ ಕೊಡಗಿನ ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಮುರುಡೇಶ್ವರಕ್ಕೆ ಹೊರಡುವುದು ಈಗ ಜಾಸ್ತಿ ಆಗಿದೆ. ಹೋಗಲಿ, ಸಂತೋಷ. ಬೆಟ್ಟದಲ್ಲಿ ಬೆಳೆದವರಿಗೆ ಸಮುದ್ರದ ಒಳಗೆ ಏನಿದೆ ಅಂತ ನೋಡುವ ಆಸೆ ಇರುತ್ತೆ, ನನಗೂ ಇತ್ತು, ಆ ಆಸೆಯಿಂದಲೇ ನಾನು ಡೈವಿಂಗ್ ಕಲಿತದ್ದು. ಆದರೆ ಈ ಸಲ ವಾಟ್ಸಾಪ್ ಸ್ಟೇಟಸ್‌ನಲ್ಲಿ ಬಂದ, ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಡೈವಿಂಗ್ ವಿಡಿಯೋಗಳನ್ನು ನೋಡಿ ತುಂಬಾ ಸಂಕಟ ಆಯ್ತು. ಒಬ್ಬ ಎರಡೂ ಕೈಯಲ್ಲಿ ಹವಳ ಹಿಡಿದುಕೊಂಡು ಕ್ಯಾಮೆರಾ ನೋಡುತ್ತಿದ್ದಾನೆ. ಇನ್ನೊಬ್ಬರು ಅದರ ಮೇಲೇ ಮಂಡಿಯೂರಿ ಕೂತಿದ್ದಾರೆ. ಹಿಂದೆ ಬರುವವನ ಫಿನ್ (ಈಜುವುದಕ್ಕೆ ಕಾಲಿಗೆ ಹಾಕುವ ಉದ್ದನೆಯ ರೆಕ್ಕೆ) ಬಡಿದು ಮರಳೆಲ್ಲ ಎದ್ದಿದೆ.

ಹವಳ ಕಲ್ಲಲ್ಲ. ಕಲ್ಲಿನ ಥರ ಕಾಣುತ್ತೆ ಅಷ್ಟೇ. ಪಾಲಿಪ್ ಅನ್ನುವ ಸಣ್ಣ ಸಣ್ಣ ಪ್ರಾಣಿಗಳು ಸಾವಿರಗಟ್ಟಲೆ ಒಟ್ಟಿಗೆ ಇದ್ದು ಸುಣ್ಣದ ಗೂಡು ಕಟ್ಟಿಕೊಂಡಿರುತ್ತವೆ. ಜೀವ ಇರುವುದು ಆ ಗೂಡಿನ ಮೇಲಿನ ತೆಳು ಪದರದಲ್ಲಿ. ನೀವು ಒತ್ತಿ ಹಿಡಿದಾಗ ಆ ಮೆತ್ತನೆಯ ಮೈ ತನ್ನದೇ ಗೂಡಿನ ಚೂಪು ಅಂಚಿಗೆ ಸಿಕ್ಕಿ ಜಜ್ಜಿಹೋಗುತ್ತೆ. ಮೈಮೇಲೆ ಕಾವಲಿಗೆ ಇರುವ ಲೋಳೆ ಕಿತ್ತುಬರುತ್ತೆ. ಆಮೇಲೆ ಆ ಗಾಯಕ್ಕೆ ರೋಗ ಬರಬಹುದು, ಪಾಚಿ ಹತ್ತಬಹುದು. ನೀವು ಅಷ್ಟರಲ್ಲಿ ದೋಣಿ ಹತ್ತಿ ವಾಪಸ್ ಬಂದಿರುತ್ತೀರಿ.

ಕೊಯ್ಲಿನ ಸಮಯದಲ್ಲಿ ಯಾರಾದರೂ ಕಾಫಿ ಗಿಡದ ರೆಕ್ಕೆ, ಅಂದರೆ ಕೊಂಬೆ, ಮುರಿದರೆ ನಮಗೆ ಎಷ್ಟು ಸಿಟ್ಟು ಬರುತ್ತೆ ಅಲ್ವಾ? ಅದಾದರೂ ಎರಡು ಮೂರು ವರ್ಷದಲ್ಲಿ ಚಿಗುರಿ ಮತ್ತೆ ಫಸಲು ಕೊಡುತ್ತೆ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆದರೆ ಹೆಚ್ಚು. ಒಂದು ಅಡಿ ಎತ್ತರದ ಹವಳಕ್ಕೆ 30 ವರ್ಷ ಆಗಿರಬಹುದು.

ಬೇಕು ಅಂತಲೇ ಹಾಳು ಮಾಡುವವರು ಕಡಿಮೆ, ಇದು ನನಗೆ ಗೊತ್ತು. ಹೆಚ್ಚಿನವರಿಗೆ ನೀರಿನಲ್ಲಿ ತಮ್ಮ ಮೈಯೇ ಹತೋಟಿಗೆ ಬಂದಿರುವುದಿಲ್ಲ. ಡೈವಿಂಗ್‌ನಲ್ಲಿ ಕಲಿಯಬೇಕಾದ ಮುಖ್ಯ ವಿದ್ಯೆ ಒಂದೇ: ಮೇಲೂ ಹೋಗದೆ ಕೆಳಗೂ ಇಳಿಯದೆ ನಿಂತ ಜಾಗದಲ್ಲಿ ತೇಲುವುದು. ಉಸಿರು ಎಳೆದರೆ ಸ್ವಲ್ಪ ಏಳುತ್ತೇವೆ, ಬಿಟ್ಟರೆ ಸ್ವಲ್ಪ ಇಳಿಯುತ್ತೇವೆ. ಹೊಸಬರು ಹೆದರಿ ಜೋರಾಗಿ ಉಸಿರಾಡುತ್ತಾರೆ, ಮೇಲೆ ತೇಲಿಹೋಗಬಾರದು ಅಂತ ಅವರ ಸೊಂಟಕ್ಕೆ ಭಾರ ಜಾಸ್ತಿ ಕಟ್ಟಿರುತ್ತಾರೆ, ಕಾಲು ಕೆಳಗೆ ಜೋತುಬೀಳುತ್ತೆ, ಆ ಕಾಲಿಗೆ ಇಷ್ಟುದ್ದದ ಫಿನ್ ಬೇರೆ. ಅದು ಹವಳಕ್ಕೆ ಬಡಿದದ್ದು ಎಷ್ಟೋ ಸಲ ಅವರಿಗೆ ಗೊತ್ತೇ ಆಗುವುದಿಲ್ಲ. ಸಿಲಿಂಡರ್‌ನಲ್ಲಿ ಗಾಳಿ ಎಷ್ಟಿದೆ ಅಂತ ತೋರಿಸುವ ಗೇಜ್ ಪಕ್ಕದಲ್ಲಿ ನೇತಾಡುತ್ತಾ ಹವಳವನ್ನು ಉಜ್ಜಿಕೊಂಡು ಹೋಗುತ್ತೆ. ಎದ್ದ ಮರಳು ಹವಳದ ಮೇಲೆ ಕೂತರೆ ಅದನ್ನು ತೊಳೆದುಕೊಳ್ಳುವುದಕ್ಕೇ ಪಾಪ ಅದರ ಶಕ್ತಿ ಖರ್ಚಾಗುತ್ತೆ. ಇನ್ನು ಕೈಯಲ್ಲಿ ಕ್ಯಾಮೆರಾ ಇದ್ದರಂತೂ ಮುಗಿಯಿತು, ಅಲುಗಾಡದೆ ಇರಬೇಕು ಅಂತ ಹತ್ತಿರ ಇದ್ದದ್ದನ್ನು ಹಿಡಿದೇ ಹಿಡಿಯುತ್ತಾರೆ.

ಇದನ್ನು ತಡೆಯುವುದು ಕಷ್ಟವೇನಲ್ಲ. ಈಜಿಪ್ಟಿನ ರಾಸ್ ಮೊಹಮ್ಮದ್ ರಾಷ್ಟ್ರೀಯ ಉದ್ಯಾನದಲ್ಲಿ ನಡೆದ ಒಂದು ಅಧ್ಯಯನ 1997ರಲ್ಲಿ ಪ್ರಕಟವಾಗಿದೆ. ಅಲ್ಲಿ ಒಬ್ಬ ಡೈವರ್ 7 ನಿಮಿಷಕ್ಕೆ ಸರಾಸರಿ 1.4 ಸಲ ಹವಳಕ್ಕೆ ತಾಗುತ್ತಿದ್ದ. ಹವಳ ಅಂದರೆ ಏನು, ಯಾಕೆ ಮುಟ್ಟಬಾರದು ಅಂತ ಕೂರಿಸಿ ಹೇಳಿ, ನೀರಿನೊಳಗೂ ತೋರಿಸಿದ ಮೇಲೆ ಅದು 0.4ಕ್ಕೆ ಇಳಿಯಿತು. ಸುಮ್ನೆ ಹೇಳಿಕೊಟ್ಟಿದ್ದಕ್ಕೆ ಇಷ್ಟು ವ್ಯತ್ಯಾಸ!

ಕೆಲವರು ಹೇಳ್ತಾರೆ, ಸಮುದ್ರ ಬಿಸಿಯಾಗಿಯೇ ಹವಳ ಸಾಯುತ್ತಿದೆ, ನಮ್ಮ ಒಂದು ಕಾಲು ತಾಗಿದರೆ ಏನು ಮಹಾ ಅಂತ. ಬಿಸಿಯ ಮಾತು ನಿಜ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹವಳಗಳು ಬಿಳಿಚಿಕೊಂಡು ದೊಡ್ಡ ನಷ್ಟ ಆಯ್ತು. ಆದರೆ ಬಿಸಿಗೆ ಬಳಲಿದ ಜೀವಕ್ಕೆ ಮೇಲೊಂದು ಗಾಯ ಯಾಕೆ? ಸಮುದ್ರದ ಬಿಸಿ ಇಳಿಸುವುದು ನನ್ನ ನಿಮ್ಮ ಒಬ್ಬೊಬ್ಬರ ಕೈಲಿ ಇಲ್ಲ. ಕಾಲು ಮೇಲೆತ್ತಿಕೊಳ್ಳುವುದು ಇದೆ. ಅದೂ ಕರ್ನಾಟಕದ ಕರಾವಳಿಯಲ್ಲಿ ಹವಳ ಇರುವುದೇ ಕಡಿಮೆ. ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಆ ಪುಟ್ಟ ದ್ವೀಪದ ಸುತ್ತ ಇರುವಷ್ಟನ್ನೂ ಮಳೆಗಾಲ ಬಿಟ್ಟು ಉಳಿದ ತಿಂಗಳೆಲ್ಲ ನಾವು ತುಳಿದರೆ ಇನ್ನೇನು ಉಳಿಯುತ್ತೆ?

ಕಾನೂನೂ ಇದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಗಟ್ಟಿ ಹವಳಗಳನ್ನು 2001ರಲ್ಲೇ ಸೇರಿಸಿದ್ದಾರೆ. ನಮ್ಮ ನಾಗರಹೊಳೆಯ ಹುಲಿ, ಆನೆ ಇರುವ ಪಟ್ಟಿ ಅದು. ಮುರಿದ ಚೂರನ್ನು ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡು ಬರುವವರು ಇದನ್ನು ತಿಳಿದಿರಲಿ.

ನನಗೆ ಹೆಚ್ಚು ನೋವು ಕೊಡುವುದು ಬೇರೆ ವಿಷಯ. ನಮ್ಮ ಮಾಂದಲಪಟ್ಟಿ ಬೆಟ್ಟಕ್ಕೆ ಬರುವವರು ಹುಲ್ಲುಗಾವಲು ತುಳಿದು, ಬಾಟಲಿ ಎಸೆದು ಹೋದಾಗ ನಾವು ಸುಮ್ಮನಿರುವುದಿಲ್ಲ. ಇರಲೂಬಾರದು. ದುಡ್ಡು ಕೊಟ್ಟ ಮಾತ್ರಕ್ಕೆ ನಮ್ಮ ಬೆಟ್ಟ ಅವರ ಆಟದ ಮೈದಾನ ಅಲ್ಲ ಅಂತ ನಾವೇ ಹೇಳುತ್ತೇವೆ. ಆ ಮಾತು ನೇತ್ರಾಣಿಯಲ್ಲಿ ನಮಗೂ ಅನ್ವಯಿಸುತ್ತೆ. ಅಲ್ಲಿ ನಾವೇ ಹೊರಗಿನವರು, ನಾವೇ ಟೂರಿಸ್ಟ್.

ಮುರುಡೇಶ್ವರದಲ್ಲಿ ಡೈವಿಂಗ್ ನಂಬಿ ಬದುಕುವವರ ಹೊಟ್ಟೆ ಮೇಲೆ ಹೊಡೆಯಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ನಿಜಕ್ಕೂ ಕಾಳಜಿಯಿಂದ ಕಲಿಸುವವರನ್ನು ನೋಡಿದ್ದೇನೆ. ಬುಕ್ ಮಾಡುವಾಗ ರೇಟ್ ಒಂದನ್ನೇ ಕೇಳಬೇಡಿ. ಒಬ್ಬ ಇನ್‌ಸ್ಟ್ರಕ್ಟರ್ ಒಂದು ಸಲಕ್ಕೆ ಎಷ್ಟು ಜನರನ್ನು ಇಳಿಸುತ್ತಾರೆ, ದೋಣಿಯ ಲಂಗರು ಹವಳದ ಮೇಲೆ ಬೀಳದ ಹಾಗೆ ಏನು ಮಾಡುತ್ತಾರೆ, ಹವಳ ಇಲ್ಲದ ಕಡೆ ಮೊದಲು ಅಭ್ಯಾಸ ಮಾಡಿಸುತ್ತಾರಾ, ಇದನ್ನೆಲ್ಲ ಕೇಳಿ. ಸರಿಯಾದ ಉತ್ತರ ಕೊಡುವವರು ನೂರಿನ್ನೂರು ಜಾಸ್ತಿ ಕೇಳಿದರೆ ಕೊಡಿ. ನೀರಿಗೆ ಇಳಿದ ಮೇಲೆ ಕೈ ಎದೆಗೆ ಕಟ್ಟಿಕೊಳ್ಳಿ, ಏನನ್ನೂ ಮುಟ್ಟಬೇಡಿ, ಮೊದಲ ಸಲ ಕ್ಯಾಮೆರಾ ಬೇಡ.

ಇನ್ನೂ ಒಂದು. ಹವಳ ಹಿಡಿದ ವಿಡಿಯೋ ಹಾಕಿರುವವರು ದಯವಿಟ್ಟು ತೆಗೆಯಿರಿ. ಅದನ್ನು ನೋಡಿದ ತಮ್ಮ ತಂಗಿಯರು ಮುಂದಿನ ವರ್ಷ ಅಲ್ಲಿಗೇ ಹೋಗುತ್ತಾರೆ, ಅದೇ ಫೋಟೋ ಬೇಕು ಅನ್ನುತ್ತಾರೆ. ಯಾರಾದರೂ ಹೊರಡುವವರಿದ್ದರೆ ಮೊದಲೇ ನನಗೆ ಫೋನ್ ಮಾಡಿ, ಕಾಲು ಹೇಗೆ ಇಟ್ಟುಕೊಳ್ಳಬೇಕು, ಉಸಿರು ಹೇಗೆ ಬಿಡಬೇಕು ಅಂತ ಮನೆಗೇ ಬಂದು ಹೇಳಿಕೊಡುತ್ತೇನೆ.