ನನ್ನ ಕಾಲ್ಗುಣ

ನಾನು ಒಂದು ಧಾರಾವಾಹಿಯನ್ನು ಮೆಚ್ಚಿಕೊಂಡೆ ಎಂದರೆ ಅದರ ಆಯುಸ್ಸು ತೀರಿತು ಅಂತಲೇ ಲೆಕ್ಕ. ಅದರಲ್ಲಿ ಬಾಹ್ಯಾಕಾಶ ನೌಕೆಯೋ ಅನ್ಯಗ್ರಹದ ಜೀವಿಯೋ ಇದ್ದರಂತೂ ಮುಗಿದೇ ಹೋಯಿತು. “ಎಲ್ಲ ನಿಮ್ಮ ಕಾಲ್ಗುಣ” ಎನ್ನುತ್ತಾಳೆ ಹೆಂಡತಿ. ಅವುಗಳಲ್ಲಿ ಮುಕ್ಕಾಲು ಪಾಲು ನಾನು ನೋಡಲು ಕೂರುವ ಎಷ್ಟೋ ವರ್ಷ ಮೊದಲೇ ನಿಂತುಹೋಗಿದ್ದವು, ಅದಕ್ಕೆ ನಾನು ಹೇಗೆ ಹೊಣೆ ಎಂದು ವಾದಿಸಿದೆ. “ಅಷ್ಟು ಹಿಂದಕ್ಕೂ ತಾಗುತ್ತೆ ನಿಮ್ಮದು” ಎಂದಳು. ಕಾಲದಲ್ಲಿ ಹಿಂದಕ್ಕೆ ಪ್ರಯಾಣ ಮಾಡುವ ಕಾಲ್ಗುಣ! ಒಳ್ಳೆಯ ಕಥಾವಸ್ತು. ಯಾರಾದರೂ ತೆಗೆದರೂ ಒಂದೇ ಸೀಸನ್ನಿಗೆ ನಿಲ್ಲಿಸಿಬಿಡುತ್ತಾರೆ, ಅಷ್ಟೆ.

ಈ ಗೀಳು ಹತ್ತಿದ್ದು ‘ಫೈರ್‌ಫ್ಲೈ’ನಿಂದ. ಗೆಳೆಯ ಡಿವಿಡಿ ಕೊಟ್ಟಿದ್ದ, ನಾಲ್ಕು ಡಿಸ್ಕು. ಡಬ್ಬದಲ್ಲಿ ಅವನೇ ಅದಲುಬದಲು ಇಟ್ಟಿದ್ದನೋ, ಕನ್ನಡಕ ಹುಡುಕುವ ಸೋಮಾರಿತನಕ್ಕೆ ನಾನೇ ಕೈಗೆ ಸಿಕ್ಕಿದ್ದನ್ನು ತುರುಕಿದೆನೋ, ಮೂರನೆಯದು ಮೊದಲು ಓಡಿತು. ನೌಕೆಯಲ್ಲಿ ಒಂಬತ್ತು ಜನ. ಯಾರು ಯಾರಿಗೆ ಏನಾಗಬೇಕು, ಆ ಹುಡುಗಿ ಯಾಕೆ ಹಾಗೆ ಬೆದರಿದ್ದಾಳೆ, ಒಂದೂ ತಲೆಗೆ ಹೋಗದು. ಇದೇನೋ ಹೊಸ ಬಗೆಯ ಕಥನತಂತ್ರ ಇರಬೇಕು ಎಂದು ಭಕ್ತಿಯಿಂದ ತಲೆದೂಗುತ್ತ ನೋಡಿದೆ. ಒಂದನೇ ಡಿಸ್ಕನ್ನು ಕೊನೆಗೆ ಹಾಕಿದಾಗ ಪಾತ್ರಗಳೆಲ್ಲ ಆರಾಮಾಗಿ ಒಬ್ಬರಿಗೊಬ್ಬರು ಪರಿಚಯ ಮಾಡಿಕೊಳ್ಳುತ್ತಿದ್ದವು.

ಅವಮಾನವನ್ನು ಯಾರಿಗೂ ಹೇಳದೆ ನುಂಗಿಕೊಂಡಿದ್ದೆ. ಆಮೇಲೆ ಓದಿ ತಿಳಿಯಿತು, 2002ರಲ್ಲಿ ಫಾಕ್ಸ್ ವಾಹಿನಿ ಮಾಡಿದ್ದೂ ಇದನ್ನೇ. ಎಲ್ಲರನ್ನೂ ಪರಿಚಯಿಸುವ ಎರಡು ಗಂಟೆಯ ಮೊದಲ ಕಂತನ್ನು ಬದಿಗಿಟ್ಟು, ಸೆಪ್ಟೆಂಬರಿನಲ್ಲಿ ರೈಲು ದರೋಡೆಯ ಕಂತಿನಿಂದ ಶುರು ಮಾಡಿ, ಆ ಪರಿಚಯದ ಕಂತನ್ನು ಡಿಸೆಂಬರಿನಲ್ಲಿ ಕಟ್ಟಕಡೆಗೆ ಪ್ರಸಾರ ಮಾಡಿದರು. ತಯಾರಾದದ್ದು 14 ಕಂತು, ಆ ಸುತ್ತಿನಲ್ಲಿ ಜನ ನೋಡಿದ್ದು 11. ಕನ್ನಡಕವಿಲ್ಲದೆ ನಾನೊಬ್ಬನೇ ಮಾಡಿದ ಕೆಲಸವನ್ನು ಅಲ್ಲಿ ಸಂಬಳ ಕೊಟ್ಟು ಮಾಡಿಸಿದ್ದರು. ಸಾಲದ್ದಕ್ಕೆ ಪ್ರಸಾರ ಶುಕ್ರವಾರ ರಾತ್ರಿ, ನೋಡಬೇಕಾದ ವಯಸ್ಸಿನವರೆಲ್ಲ ಮನೆಯಿಂದ ಹೊರಗಿರುವ ಹೊತ್ತು. ‘ಸ್ಟಾರ್ ಟ್ರೆಕ್’ ಅನ್ನೂ ಹೀಗೇ ಮೂರನೇ ಸೀಸನ್ನಿಗೆ ಶುಕ್ರವಾರ ರಾತ್ರಿ ಹತ್ತಕ್ಕೆ ತಳ್ಳಿ, 1969ರಲ್ಲಿ 79 ಕಂತಿಗೆ ಬಾಗಿಲು ಹಾಕಿದ್ದರು.

ಆದರೆ ಮನೆಯಲ್ಲಿ ನಿಜವಾದ ರಾದ್ಧಾಂತ ಆದದ್ದು ‘ಫಾರ್‌ಸ್ಕೇಪ್’ ದಿನ. ನಾಲ್ಕು ಸೀಸನ್ ನೋಡಿ ಕೊನೆಯ ಕಂತಿಗೆ ಬಂದಿದ್ದೆ. ನಾಯಕ ನಾಯಕಿ ದೋಣಿಯಲ್ಲಿ ಕೂತಿದ್ದಾರೆ. ಅವನು ಮದುವೆಯಾಗೋಣ ಎನ್ನುತ್ತಾನೆ, ಇವಳು ಹೂಂ ಎನ್ನುತ್ತಾಳೆ. ಅಷ್ಟರಲ್ಲಿ ಎಲ್ಲಿಂದಲೋ ಒಂದು ನೌಕೆ ಬಂದು ಏನೋ ಬಿಟ್ಟಿತು ನೋಡಿ, ಇಬ್ಬರೂ ಹರಳುಹರಳಾಗಿ ಉದುರಿಹೋದರು. ಪರದೆಯ ಮೇಲೆ ‘ಮುಂದುವರಿಯುವುದು’. ಮುಂದುವರಿಯುವುದು ಏನು, ಮಣ್ಣು! ವಾಹಿನಿಯವರು ಅದನ್ನು ನಿಲ್ಲಿಸಿಯಾಗಿತ್ತು. ನಾನು ಹೌಹಾರಿ ಎದ್ದ ರಭಸಕ್ಕೆ ತೊಡೆಯ ಮೇಲಿದ್ದ ಗಾಜಿನ ತಟ್ಟೆಯೂ ಹರಳಾಯಿತು.

ಹೆಂಡತಿ ಪೊರಕೆ ಹಿಡಿದು ಬಂದವಳು ಟಿವಿ ನೋಡಿದಳು, ನೆಲ ನೋಡಿದಳು, “ಎರಡೂ ನೀವೇ ಒಡೆದದ್ದಾ?” ಎಂದಳು.

2004ರಲ್ಲಿ ಒಂದು ಕಿರುಸರಣಿ ಮಾಡಿ ಆ ಪ್ರೇಮಿಗಳನ್ನು ಉಳಿಸಿಕೊಂಡರು. ರೈಜೆಲ್ ಎಂಬ ಕುಳ್ಳ ರಾಜ ನೀರಿನಡಿಯಿಂದ ಹರಳುಗಳನ್ನೆಲ್ಲ ಹೆಕ್ಕಿ ತಂದ, ಜೋಡಿಸಿ ಜೀವ ಕೊಟ್ಟರು. ನಮ್ಮ ತಟ್ಟೆಗೆ ಅಂಥ ಯೋಗವಿರಲಿಲ್ಲ. ಅದರ ಕೊನೆಯ ಚೂರು ಸಿಕ್ಕಿದ್ದು ಮೂರು ತಿಂಗಳ ಮೇಲೆ, ಸೋಫಾ ಕೆಳಗೆ, ನನ್ನ ಹಿಮ್ಮಡಿಗೆ. ಕಾಲ್ಗುಣ ಎಂಬ ಮಾತಿಗೆ ಆವತ್ತು ಮನೆಯಲ್ಲಿ ಇನ್ನೊಂದು ಅರ್ಥ ಹುಟ್ಟಿತು.

‘ಸ್ಟಾರ್‌ಗೇಟ್ ಯೂನಿವರ್ಸ್’ಗೆ ಬಲಿಯಾದದ್ದು ಹಾಲು. 2011ರಲ್ಲಿ ಎರಡೇ ಸೀಸನ್ನಿಗೆ ನಿಂತ ಸರಣಿ ಅದು. ಕೊನೆಗೆ ನೌಕೆಯಲ್ಲಿದ್ದವರೆಲ್ಲ ಮೂರು ವರ್ಷ ನಿದ್ದೆಗೆಂದು ಪೆಟ್ಟಿಗೆಗಳೊಳಗೆ ಮಲಗುತ್ತಾರೆ. ಒಂದು ಪೆಟ್ಟಿಗೆ ಕೆಟ್ಟಿದೆ. ಈಲೈ ಎಂಬ ಹುಡುಗ ಒಬ್ಬನೇ ಎಚ್ಚರವಿದ್ದು ಎರಡು ವಾರದೊಳಗೆ ಅದನ್ನು ರಿಪೇರಿ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಗಾಳಿಯಿಲ್ಲದೆ ಸಾವು. ಅವನು ಗಾಜಿನಾಚೆಗೆ ನೋಡುತ್ತ ಸಣ್ಣಗೆ ನಗುತ್ತಾನೆ. ದೀಪ ಆರುತ್ತದೆ. ಅಷ್ಟೇ. ಮುಂದಿನ ಕಂತಿನ ಗುಂಡಿ ಒತ್ತಿದೆ, ಇಲ್ಲ. ರಿಮೋಟಿನ ಸೆಲ್ ಬದಲಿಸಿ ಒತ್ತಿದೆ, ಇಲ್ಲ. “ರೀ, ಹಾಲು!” ಎಂಬ ಕೂಗು ಕೇಳಿಸಿದಾಗ ಒಲೆ, ಕಟ್ಟೆ, ನೆಲ ಎಲ್ಲ ಬೆಳ್ಳಗಾಗಿತ್ತು. ಈಲೈಗೆ ಎರಡು ವಾರವಾದರೂ ಇತ್ತು, ನನಗೆ ಕೊಟ್ಟಿದ್ದು ಎರಡೇ ನಿಮಿಷ. ಪಾತ್ರೆಯ ತಳ ಉಜ್ಜುತ್ತ ಯೋಚಿಸಿದೆ. ಅವರು ಹೇಳಿದ ಮೂರು ವರ್ಷ ಎಂದೋ ಕಳೆದಿದೆ. ಪಾಪ, ಯಾರೂ ಎಬ್ಬಿಸಿಯೇ ಇಲ್ಲ.

ಉಳಿಸಿಕೊಳ್ಳಲು ಅಭಿಮಾನಿಗಳು ಪಟ್ಟ ಪಾಡೂ ಕಮ್ಮಿಯದಲ್ಲ. ಅಣುಬಾಂಬಿನ ನಂತರದ ಊರೊಂದರ ಕಥೆ ‘ಜೆರಿಕೊ’ವನ್ನು ಸಿಬಿಎಸ್ 2007ರಲ್ಲಿ ನಿಲ್ಲಿಸಿತು. ಕೊನೆಯ ಕಂತಿನಲ್ಲಿ ಶರಣಾಗು ಎಂದವರಿಗೆ ನಾಯಕ ‘ನಟ್ಸ್’ ಎಂದು ಉತ್ತರ ಕೊಟ್ಟಿದ್ದ. ಇಂಗ್ಲಿಷಿನಲ್ಲಿ ಅದು ‘ಹೋಗೋ’ ಎನ್ನುವ ಬೈಗುಳವೂ ಹೌದು, ಕಡಲೆಕಾಯಿಯಂಥ ಬೀಜವೂ ಹೌದು. ಅದನ್ನೇ ಹಿಡಿದುಕೊಂಡು ಜನ ವಾಹಿನಿಯ ಕಚೇರಿಗೆ ಸುಮಾರು 20 ಟನ್ ಕಡಲೆಕಾಯಿ ಕಳಿಸಿದರು! ವಾಹಿನಿ ಸೋತು ಇನ್ನೂ 7 ಕಂತು ಕೊಟ್ಟಿತು. ಕಂತೊಂದಕ್ಕೆ ಹತ್ತಿರಹತ್ತಿರ ಮೂರು ಟನ್. ಆಮೇಲೆ ಮತ್ತೆ ನಿಲ್ಲಿಸಿದರು.

ಆ ಹುರುಪಿನಲ್ಲಿ ನಾನೂ ಒಮ್ಮೆ, ಇನ್ಯಾವುದೋ ಸರಣಿ ನಿಂತಾಗ, ಅದನ್ನು ತೋರಿಸುತ್ತಿದ್ದ ಕಂಪನಿಗೆ ಮೂರು ಪುಟದ ಇಮೇಲ್ ಬರೆದೆ. ಮೂರು ಸೆಕೆಂಡಿನಲ್ಲಿ ಉತ್ತರ ಬಂತು: ನಿಮ್ಮ ಸಮಸ್ಯೆ ಬಗೆಹರಿದಿದೆ, ದಯವಿಟ್ಟು ನಮಗೆ ಐದು ನಕ್ಷತ್ರ ಕೊಡಿ. ಇದ್ದಬದ್ದ ನಕ್ಷತ್ರಗಳನ್ನೆಲ್ಲ ನನ್ನಿಂದ ಕಿತ್ತುಕೊಂಡವರು ಅವರೇ.

‘ಕ್ವಾಂಟಮ್ ಲೀಪ್’ಗಾದರೂ ಒಂದು ಕೊನೆಯ ಮಾತು ಸಿಕ್ಕಿತಲ್ಲ ಎನ್ನಬಹುದು. 1993ರಲ್ಲಿ ಕಪ್ಪು ಪರದೆಯ ಮೇಲೆ, ಡಾಕ್ಟರ್ ಸ್ಯಾಮ್ ಬೆಕೆಟ್ ಮನೆಗೆ ಮರಳಲೇ ಇಲ್ಲ ಎಂದು ಒಂದು ಸಾಲು ಬರೆದು ಮುಗಿಸಿದರು. ಐದು ಸೀಸನ್ ಓಡಿದ ನಾಯಕ. ಆ ಸಾಲಿನಲ್ಲಿ ಅವನ ಹೆಸರಿನ ಸ್ಪೆಲಿಂಗೇ ತಪ್ಪು, ಕೊನೆಯ ಒಂದು ಟಿ ನಾಪತ್ತೆ.

ಇಷ್ಟು ದಿನ ದೂರವೇ ಇದ್ದ ಹೆಂಡತಿ ಈಗ ತಾನೇ ‘ದಿ ಎಕ್ಸ್‌ಪ್ಯಾನ್ಸ್’ ಹಚ್ಚಿಕೊಂಡಿದ್ದಾಳೆ. 2018ರಲ್ಲಿ ಮೂರು ಸೀಸನ್ನಿಗೆ ನಿಂತಿದ್ದನ್ನು, ಅಮೆಜಾನ್ ಸ್ಟುಡಿಯೊ ಮೇಲೆ ಬ್ಯಾನರ್ ಕಟ್ಟಿದ ವಿಮಾನ ಹಾರಿಸಿಯೆಲ್ಲ ಅಭಿಮಾನಿಗಳು ಉಳಿಸಿಕೊಂಡರು. ಒಟ್ಟು ಆರು ಸೀಸನ್ ಬಂತು. ನಿನ್ನೆ ಅವಳು ಮೂರನೆಯದರ ಕೊನೆಯ ಕಂತು ನೋಡುತ್ತಿದ್ದಳು, ಅಂದರೆ ಆ ಸರಣಿಗೆ ಒಮ್ಮೆ ಜೀವ ಹೋಗಿ ಬಂದ ಜಾಗ. ಏನಾಯಿತು ಎಂದು ಬಾಗಿಲಿಂದ ಇಣುಕಿದೆ.

“ರೀ, ಹಾಲ್‌ಗೆ ಕಾಲಿಡಬೇಡಿ” ಎಂದಳು, ಪರದೆಯಿಂದ ಕಣ್ಣು ತೆಗೆಯದೆ. “ಹಾಲು ನೋಡ್ಕೊಳ್ಳಿ.”