ಏಲಕ್ಕಿ ಅಗಿದರೆ ಕುಡಿದಿದ್ದು ಪೊಲೀಸರ ಉಸಿರು ಪರೀಕ್ಷೆ ಮಷೀನ್‌ಗೆ ಗೊತ್ತಾಗಲ್ವಾ? ಸತ್ಯಾಂಶ ಇಲ್ಲಿದೆ

"ಕುಡಿದಿದ್ದರೆ ಏಲಕ್ಕಿ ಅಗಿದು ಊದಿ, ಮಷೀನ್‌ಗೆ ಗೊತ್ತಾಗಲ್ಲ. ಊದಲ್ಲ ಅಂದರೆ ಕೇಸೇ ಇಲ್ಲ" ಅನ್ನುವ ವಾಟ್ಸಾಪ್ ಮೆಸೇಜ್ ನಂಬಬೇಡಿ. ಎರಡೂ ಸುಳ್ಳು.

ಕುಡಿದ ಮದ್ಯ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶದಲ್ಲಿ ಆ ರಕ್ತದಿಂದ ಆಲ್ಕೋಹಾಲ್ ಉಸಿರಿಗೂ ಬರುತ್ತದೆ. ಮಷೀನ್ ಅಳೆಯುವುದು ಅದನ್ನು, ಬಾಯಿಯ ವಾಸನೆಯನ್ನಲ್ಲ. ಏಲಕ್ಕಿ ವಾಸನೆ ಮುಚ್ಚಬಹುದು, ಅಷ್ಟೇ.

ಇನ್ನು ಊದದೇ ಹಟ ಮಾಡಿದರೆ? ಕುಡಿದ ಅನುಮಾನಕ್ಕೆ ಕಾರಣವಿದ್ದರೆ ಮೋಟಾರು ವಾಹನ ಕಾಯ್ದೆಯ 203ನೇ ಸೆಕ್ಷನ್ ಪ್ರಕಾರ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಸುಮ್ನೆ ನಿರಾಕರಿಸಿದ್ದು ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ನಿಲ್ಲಬಹುದು.

ಗಾಡಿ ಓಡಿಸುವವರಿಗೆ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಆಲ್ಕೋಹಾಲ್. ದಾಟಿದರೆ ಮೊದಲ ಸಲವೇ 10,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಡ್ರೈವಿಂಗ್ ಕಲಿಸುವವರೂ ಗಮನಿಸಿ: ಕುಡಿದವರಿಗೆ ಗೊತ್ತಿದ್ದೂ ಸ್ಟೀರಿಂಗ್ ಕೊಟ್ಟರೆ, ಕುಮ್ಮಕ್ಕು ಕೊಟ್ಟಿದ್ದಕ್ಕೆ 188ನೇ ಸೆಕ್ಷನ್ ಅಡಿ ಅದೇ ಶಿಕ್ಷೆ ನಿಮಗೂ ಆಗಬಹುದು.